ಮೊಳೆ ಜೋಡಿಸುವವನ ಮಗಳು

ಬೆಟಗೇರಿಯ ಏಳನೇ ನಂಬರ್ ಶಾಲೆ, ಹಿಂದಿನ ಕೋಣೆ.
ಕಂಪ್ಯೂಟರು ಒಂಬತ್ತು, ಜೀವವಿರುವವು ಐದು.
ಮಕ್ಕಳು ಮೂವತ್ತೊಂದು. ಕರೆಂಟು, ಅದರ ಮನಸ್ಸು.
ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲೇ ನಿಂತರು:
“ಒಬ್ಬೊಬ್ಬರು ಒಂದೊಂದು ಮಾಡಾಕತ್ತಾರಲ್ರೀ ಟೀಚರ್,
ಇವತ್ತಿನ ಪಾಠ ಯಾವುದು?”

ಏನು ಹೇಳಲಿ.
ನಾನು ಮೊಳೆ ಜೋಡಿಸುವವನ ಮಗಳು.

ಗದಗಿನ ಸ್ಟೇಷನ್ ರೋಡಿನ ಪ್ರೆಸ್ಸಿನಲ್ಲಿ ಅಪ್ಪ
ಮೂವತ್ತು ವರ್ಷ ನಿಂತೇ ದುಡಿದ.
ಎದುರಿಗೆ ಇಳಿಜಾರು ಮರದ ಕೇಸು, ನೂರಾರು ಗೂಡು,
ಒತ್ತಕ್ಷರಕ್ಕೆ ಬೇರೆ, ದೀರ್ಘಕ್ಕೆ ಬೇರೆ.
ರ-ದ ಗೂಡು ಬೋಗುಣಿಯಷ್ಟು,
ಙ-ದ ಗೂಡು ಕಡ್ಡಿಪೆಟ್ಟಿಗೆಯಷ್ಟು.
“ಇದನ್ನ ಯಾರೂ ಕರಿಯಾಂಗಿಲ್ಲಲಾ ಅಪ್ಪಾ?”
“ಕರದ ದಿನ ಇರಬೇಕವಾ.
ಅದರ ಜಾಗಾದಾಗ ಬ್ಯಾರೆದು ಕೂಡೂದಿಲ್ಲ.”

ಶಾಲೆ ಬಿಟ್ಟ ಮೇಲೆ ನನ್ನ ಕೆಲಸ,
ಅಚ್ಚಾದ ಪುಟ ಒಡೆದು, ಸೀಮೆಎಣ್ಣೆಯಲ್ಲಿ ತೊಳೆದು
ಒಂದೊಂದನ್ನೂ ಅದರದರ ಮನೆ ಮುಟ್ಟಿಸುವುದು.
ನಿನ್ನೆ ಮದುಮಗಳು ಕಮಲವ್ವನ ಹೆಸರಲ್ಲಿದ್ದ ಲ
ನಾಳೆ ಮೆಣಸಿನಕಾಯಿ ದಲಾಲರ ರಸೀದಿಗೆ.
ಅವಸರ ಮಾಡಿ ತಪ್ಪು ಗೂಡಿಗೆ ಹಾಕಿದರೆ
ತಿಂಗಳ ಮೇಲೆ ಯಾರದೋ ಲಗ್ನಪತ್ರಿಕೆಯಲ್ಲಿ ಬಯಲು.

ಆಮೇಲೆ ಡಿಟಿಪಿ ಬಂತು.
ಸೀಸವನ್ನು ಕಿಲೋ ಲೆಕ್ಕದಲ್ಲಿ ತೂಗಿದರು.
ಅಪ್ಪನ ಕೈಗೆ ಮೌಸು ಕೊಟ್ಟರು, ನಿಜವಾದ ಇಲಿಯನ್ನು ಹಿಡಿದಂತೆ ಹಿಡಿದ.
ಕಲಿಸಲು ಬಂದ ಹುಡುಗ ಮೂರು ಸಲ ಹೇಳಿದ,
ನಾಲ್ಕನೆಯ ಸಲ ನಕ್ಕ.
ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಆ ನಗೆ ಕೇಳಿಸಿಕೊಂಡೇ ನಾನು ಟೀಚರ್ ಆದದ್ದು.
ನನ್ನ ಕೋಣೆಯಲ್ಲಿ ನಾಲ್ಕನೆಯ ಸಲ ಇದೆ,
ನಲವತ್ತನೆಯದೂ ಇದೆ.

ಮಾಬುಸಾಬ ನದಾಫ ಎಡಚ. ಮೌಸು ಎಡಕ್ಕೆ ಸರಿಯಿತು, ಅಷ್ಟೆ.
ಕಸ್ತೂರಿ ಗಡಾದ ನಾಲ್ಕು ದಿನ ಒಂದೇ ಕೀಲಿ ಒತ್ತಿದಳು,
ತೆರೆ ತುಂಬ ಮಮಮಮಮ.
ಸುಮ್ಮನಿದ್ದೆ. (ಸುಮ್ಮನಿರುವುದನ್ನು ಯಾವ ತರಬೇತಿಯಲ್ಲೂ ಕಲಿಸಲಿಲ್ಲ.)
ಐದನೆಯ ದಿನ ಎಂಟರ್ ಒತ್ತಿ ಕಿರುಚಿದಳು:
“ಕೆಳಗ ಇಳೀತ್ರೀ ಟೀಚರ್!”
ನೇಕಾರರ ಹುಡುಗ ಸಂಗಮೇಶ ಅಕ್ಷರ ಮುಟ್ಟುವುದಿಲ್ಲ,
ಚೌಕಕ್ಕೆ ಚೌಕ ಕೂಡಿಸಿ ಸೀರೆಯ ದಡಿ ತೆಗೆಯುತ್ತಾನೆ,
ಎಣಿಕೆಯಲ್ಲಿ ಒಂದೆಳೆ ತಪ್ಪಿಲ್ಲ.
ಇದು ಗಣಿತವೋ ಚಿತ್ರಕಲೆಯೋ, ಯಾವ ಖಾನೆಗೆ ಬರೆಯಲಿ?

ಮೊಳೆ ಅಂದರೆ ಗೋಡೆಗೆ ಬಡಿಯುವುದು,
ಬೀಜ ಒಡೆದು ಹೊರಗೆ ಬರುವುದೂ ಮೊಳೆಯೇ.
ಶಾಲೆಗಳಿಗೆ ಮೊದಲನೆಯದರ ಪರಿಚಯ ಹೆಚ್ಚು.

ಮತ್ತೆ ದ್ಯಾಮವ್ವ ಹಾದಿಮನಿ, ಮೂರನೇ ಇಯತ್ತೆ.
ಪಾಟಿಯ ಮೇಲೆ ಪ್ರತಿ ಅಕ್ಷರವೂ ಬೆನ್ನು ತಿರುಗಿಸಿ ನಿಂತಿತ್ತು.
ನೋಟ್‌ಬುಕ್ಕಿನಲ್ಲಿ ಯಾರೋ ಕೆಂಪು ಶಾಯಿಯಲ್ಲಿ: ತಲಿ ಇಲ್ಲ.
ನಾನು ಒಂದೇ ಉಸಿರಿಗೆ ಓದಿದೆ.
ತಿರುಗುಮುರುಗು ಅಕ್ಷರಗಳ ನಡುವೆಯೇ ಬೆಳೆದವಳು,
ಕನ್ನಡಿಗಿಂತ ಮೊದಲು ಮೊಳೆಯ ಮುಖ ನೋಡಿದವಳು.
ಪರ್ಸಿನಿಂದ ತೆಗೆದೆ, ಸೀಸ ತೂಗಿದ ದಿನ
ಅಪ್ಪ ಜೇಬಿಗಿಳಿಸಿ ತಂದಿದ್ದ ಒಂದೇ ಒಂದು.
ಬೆರಳಿನಿಂದ ತಡವಿ ನೋಡಿದಳು:
“ಇದೂ ನನ್ನಂಗ ಉಲ್ಟಾ ಐತಿ!”
ಶಿಕ್ಕಾ ಹೊಡೆಯುವ ಪ್ಯಾಡಿಗೆ ಒತ್ತಿ, ಕಾಗದಕ್ಕೆ ಊರಿ
ಮೆಲ್ಲಗೆ ಎತ್ತಿದಳು. ನೆಟ್ಟಗೆ ನಿಂತಿತ್ತು.
“ನಿನಗಿನ್ನೂ ಕಾಗದ ಸಿಕ್ಕಿಲ್ಲವಾ,” ಅಂದೆ, “ಅಷ್ಟ.”

ಇದನ್ನೆಲ್ಲ ಸಾಹೇಬರ ಮುಂದೆ ಹೇಳಲಿಲ್ಲ.
ಕರೆಂಟು ಹೋಯಿತು. ಐದು ತೆರೆ ಕಪ್ಪಾದವು,
ಫ್ಯಾನು ಎರಡು ಸುತ್ತು ಹೆಚ್ಚಿಗೆ ತಿರುಗಿ ನಿಂತಿತು.
ಕಿಟಕಿಯ ಬೆಳಕಿಗೆ ಹಿಡಿದು
ಹಾಜರಿ ಪುಸ್ತಕ ತಿರುವಿದರು ಅವರು.
ಅಂಚಿನುದ್ದಕ್ಕೂ, ಕೆಳಗಿನವರೆಗೂ,
ಒಂದು ಪುಟ್ಟ ನೇರಳೆ ಗುರುತು, ಹದಿಮೂರು ಸಲ.

“ಇದೇನ್ರೀ ಟೀಚರ್ ಇದು?”

“ಙ, ಸರ್.”